ಅರ್ಧ ಇಂಚಿನ ಗೋಟಿ

ಬಮ್ಮಿಗಟ್ಟಿಯ ಕುಬೇರಪ್ಪನ ಜೀಪಿನ ಹೊಟ್ಟೆಯಲ್ಲಿ ಸದ್ದು ಶುರುವಾದದ್ದು ಎಪ್ಪತ್ನಾಲ್ಕನೇ ಇಸವಿಯ ಸುಗ್ಗಿ ಮುಗಿದ ಮೇಲೆ, ಒಂದು ಸೋಮವಾರ. ಹೆಂಡತಿ ಶಾರದವ್ವನನ್ನು ಕರೆದುಕೊಂಡು ಕಲಘಟಗಿಗೆ ಹೋಗಿ, ಬಣ್ಣದ ತೊಟ್ಟಿಲು ಹೇರಿಕೊಂಡು ಬರುತ್ತಿದ್ದ. ಊರ ಹತ್ತಿರದ ಏರು ಹತ್ತುವಾಗ, ಕೆಳಗೆ ಯಾರೋ ಕೂತು ಸುತ್ತಿಗೆಯಿಂದ ಬಡಿದಂತೆ 'ಟಕ್, ಟಕ್, ಟಕ್' ಎಂದಿತು. ಕುಬೇರಪ್ಪನಿಗೆ ಮೊದಲು ತೊಟ್ಟಿಲ ಮೇಲೆ ಅನುಮಾನ ಬಂತು. ಇಳಿದು ಅದಕ್ಕೆ ಇನ್ನೊಂದು ಹಗ್ಗ ಬಿಗಿದ. ಸದ್ದು ನಿಲ್ಲಲಿಲ್ಲ. ಆಮೇಲೆ ಶಾರದವ್ವನ ಬಳೆಗಳ ಮೇಲೆ ಅನುಮಾನಪಟ್ಟ.

"ನನ್ನ ಕೈಬಳಿ ಹಿಂಗ ಸಪ್ಪಳ ಮಾಡಿದ್ರ ನಾನ ಕಮ್ಮಾರ ಸಾಲಿಗೆ ಹೋಗಿ ಕುಂದರತಿದ್ದೆ. ಮುಂದ ನೋಡಿ ಹೊಡೀರಿ" ಎಂದಳು ಶಾರದವ್ವ.

ಅದು ಮಿಲಿಟರಿಯಿಂದ ಹೊರಬಿದ್ದು ಮೂರು ಕೈ ದಾಟಿ ಕುಬೇರಪ್ಪನ ಕೈಗೆ ಬಂದ ಜೀಪು. ಸ್ಟೇರಿಂಗು ಎಡಗಡೆಗಿತ್ತು. ಬ್ಯಾಟರಿಗೆ ಮನಸ್ಸು ಬಂದ ದಿನ ಮಾತ್ರ ಇಂಜಿನ್ನು ತಾನಾಗಿ ಚಾಲೂ ಆಗುತ್ತಿತ್ತು. ಉಳಿದ ದಿನ ಇಳಿಜಾರಿನಲ್ಲಿ ಉರುಳಿಸಿಯೇ ಚಾಲೂ ಮಾಡಬೇಕು. ಹಾಗಾಗಿ ಕುಬೇರಪ್ಪ ಅದನ್ನು ಯಾವಾಗಲೂ ಮನೆ ಮುಂದಿನ ಇಳಿಜಾರಿನ ನೆತ್ತಿಯಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗೊಂದು ಕಲ್ಲು ಕೊಟ್ಟು ನಿಲ್ಲಿಸುತ್ತಿದ್ದ. ಊರಿನಲ್ಲಿ ಇನ್ನೊಂದು ಮೋಟಾರು ಇರಲಿಲ್ಲ. ಹಾಗಾಗಿ ಇದಕ್ಕಿಂತ ಚೆನ್ನಾಗಿರುವುದು ಹೇಗಿರುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಬರುವ ಶುಕ್ರವಾರ ನವಲಗುಂದದಲ್ಲಿ ಶಾರದವ್ವನ ತಮ್ಮ ಶಂಭುಲಿಂಗಪ್ಪನ ಎರಡನೇ ಕೂಸಿಗೆ ಹೆಸರಿಡುವುದಿತ್ತು. ಸೋದರತ್ತೆ ಎಂದರೆ ಶಾರದವ್ವ ಒಬ್ಬಳೇ. ಅವಳು ಹೋಗಿ ಕೂಸಿನ ಕಿವಿಯಲ್ಲಿ ಕೂಗದೆ ಹೆಸರಿಡುವಂತಿರಲಿಲ್ಲ. ತೊಟ್ಟಿಲನ್ನೂ ತಾನೇ ತರುತ್ತೇನೆಂದು, ಅದನ್ನು ಜೀಪಿನಲ್ಲಿ ತರುತ್ತೇನೆಂದು, ಯಮನೂರು ದಾಟಿದ ಕೂಡಲೇ ಹಾರನ್ ಹೊಡೆಸುತ್ತೇನೆಂದು ಆಕೆ ತವರಿಗೆ ಹೇಳಿ ಕಳಿಸಿದ್ದಳು.

ಸೋಮವಾರ ಸಂಜೆಯೇ ಮಶಾಕಸಾಬನಿಗೆ ಬುಲಾವು ಹೋಯಿತು. ಊರಿನ ಹೊಲಗಳ ಪಂಪಿನ ಇಂಜಿನ್ನುಗಳನ್ನೆಲ್ಲ ರಿಪೇರಿ ಮಾಡುತ್ತಿದ್ದವನು ಅವನೇ. ಕುಬೇರಪ್ಪನ ವಾರಿಗೆಯವನು, ಜೊತೆಗೆ ಆಡಿ ಬೆಳೆದವನು. ಮಶಾಕಸಾಬ ಜೀಪಿನ ಕೆಳಗೆ ತೂರಿ, ಅಲ್ಲಿ ಇಲ್ಲಿ ಬಡಿದು ನೋಡಿ, ಕಾಲು ಮಾತ್ರ ಹೊರಗೆ ಇಟ್ಟುಕೊಂಡೇ ತೀರ್ಪು ಕೊಟ್ಟ.

"ಕುಬೇರಪ್ಪಣ್ಣ, ಶಾಫ್ಟಿನ ಕ್ರಾಸ್ ಹೋಗೇತಿ."

ಇಂಜಿನ್ನಿನ ಶಕ್ತಿಯನ್ನು ಹಿಂದಿನ ಗಾಲಿಗಳಿಗೆ ಒಯ್ಯುವ ಉದ್ದನೆಯ ಕಬ್ಬಿಣದ ಕೊಳವೆಯೇ ಶಾಫ್ಟು. ಅದರ ಹಿಂತುದಿಯ ಕ್ರಾಸ್ ಎಂಬ ಕೀಲು ಸವೆದು ಸಡಿಲಾಗಿತ್ತು. ಶಾಫ್ಟನ್ನು ಬಿಚ್ಚಿ ತೆಗೆದು ಹೊಸ ಕೀಲು ಹಾಕಿಸಬೇಕು. ಬಿಚ್ಚಲು ಏನಿದೆ, ಹಿಂದೆ ನಾಲ್ಕೇ ಬೋಲ್ಟು. ಮುಂದಿನ ತುದಿ ಹಲ್ಲಿನ ಕೊಳವೆಯೊಳಗೆ ತೂರಿಕೊಂಡಿತ್ತು, ಎಳೆದರೆ ಬರುತ್ತಿತ್ತು.

"ಬೋಲ್ಟ್ ಬಿಚ್ಚಾಕ ಎಷ್ಟನೇ ನಂಬರ್ ಪಾನಾ ಬೇಕು?" ಕುಬೇರಪ್ಪ ಕೇಳಿದ.

"ಹದಿಮೂರು."

"ಅಳತಿ ಮಾಡಿದ್ಯಾ?"

"ಅಳತಿ ಯಾಕ? ಜಗತ್ತಿನ್ಯಾಗ ಮುಕ್ಕಾಲು ಬೋಲ್ಟ್ ಹದಿಮೂರು ನಂಬರ್. ಉಳದ ಕಾಲುಪಾಲು ತುಕ್ಕು."

ಪಂಪಿನ ಇಂಜಿನ್ನಿನ ಮಟ್ಟಿಗೆ ಈ ಶಾಸ್ತ್ರ ನಿಜವಿರಬಹುದು. ಮಂಗಳವಾರ ಬೆಳಿಗ್ಗೆ ಅವನು ತನ್ನ ಹದಿಮೂರು ನಂಬರಿನ ಗೋಟಿಯನ್ನು ತಂದ. ಬೋಲ್ಟಿನ ತಲೆಯ ಮೇಲೆ ಟೋಪಿಯಂತೆ ಕೂರುವ ಪಾನಾದ ಬಾಯಿಗೆ ಗೋಟಿ ಎನ್ನುತ್ತಾರೆ. ಅದಕ್ಕೊಂದು ಹಿಡಿ ಸಿಕ್ಕಿಸಿ ತಿರುಗಿಸುವುದು. ಮೊದಲನೇ ಬೋಲ್ಟಿಗೆ ಹಾಕಿ ಮಶಾಕಸಾಬ ಎಳೆದ. 'ಕರ್ರ್' ಎಂದು ಸದ್ದಾಯಿತು, ಗೋಟಿ ತಿರುಗಿತು.

"ಬಂತು ನೋಡ!" ಎಂದ ಮಶಾಕಸಾಬ.

ಗೋಟಿ ಮಾತ್ರ ತಿರುಗಿತ್ತು. ಬೋಲ್ಟು ಇದ್ದಲ್ಲೇ ಇತ್ತು, ಅದರ ಮೂಲೆಗಳಷ್ಟೇ ಸವೆದಿದ್ದವು. ಕುಬೇರಪ್ಪನಿಗೆ ಇದು ಮಶಾಕಸಾಬನ ರಟ್ಟೆಯ ದೋಷ ಎನಿಸಿತು. "ಸರಿ ಆ ಕಡೆ" ಎಂದು ತಾನೇ ಕೆಳಗೆ ಹೋಗಿ ಎರಡನೆಯ ಬೋಲ್ಟಿಗೆ ಕೈ ಹಾಕಿ, ಎರಡೂ ಕಾಲನ್ನು ಗಾಲಿಗೆ ಒತ್ತಿ, "ಹರಹರ ಮಹಾದೇವ" ಎಂದು ಎಳೆದ. ಎರಡನೆಯದರ ತಲೆಯೂ ಸುಲಿದ ನೆಲ್ಲಿಕಾಯಿಯಂತೆ ಗುಂಡಗಾಯಿತು. ಇನ್ನೆರಡು ಬೋಲ್ಟು ಉಳಿದಿದ್ದವು. ಇಬ್ಬರೂ ಹೊರಗೆ ಬಂದು ಕಟ್ಟೆಯ ಮೇಲೆ ಕೂತು, ಅವನ್ನು ಮುಟ್ಟಬಾರದೆಂದು ತೀರ್ಮಾನಿಸಿದರು.

"ಬಾಯಿ ಸಡ್ಲ ಆಗತೈತಿ ಅದಕ್ಕ. ಇದಕ್ಕಿಂತ ಕೂದಲೆಳಿಯಷ್ಟ ಸಣ್ಣದು ಬೇಕು" ಎಂದ ಮಶಾಕಸಾಬ.

"ಹನ್ನೆರಡು ನಂಬರ್ ಹಾಕೂಣು."

"ಹಾಕಿ ನೋಡೇನಿ. ಒಳಗ ಹೋಗವಲ್ದು."

"ಹದಿಮೂರು ದೊಡ್ಡದು, ಹನ್ನೆರಡು ಸಣ್ಣದು. ನಡುವ ನಂಬರ ಇಲ್ಲ. ಮಿಲಿಟರಿಯವರೇನು ಹಲ್ಲಿಲೆ ಬಿಚ್ಚತಿದ್ರ?"

ಹುಬ್ಬಳ್ಳಿಗೆ ಹೋಗಿ ಸರಿಯಾದ ಗೋಟಿ ತರುವುದೆಂದಾಯಿತು. ಆದರೆ ಬೋಲ್ಟು ಜೀಪಿನಲ್ಲಿದೆ, ಜೀಪು ಬಮ್ಮಿಗಟ್ಟಿಯಲ್ಲಿದೆ. ಅಳತೆಯನ್ನು ಹುಬ್ಬಳ್ಳಿಗೆ ಒಯ್ಯುವುದು ಹೇಗೆ? ಶಾರದವ್ವ ಅಡಿಗೆಮನೆಯಿಂದಲೇ, "ರೊಟ್ಟಿ ಹಿಟ್ಟಿನ್ಯಾಗ ಅಚ್ಚ ತಗೀರಿ" ಎಂದಳು. ಜೋಳದ ಹಿಟ್ಟಿನ ಉಂಡೆಯನ್ನು ಒಳ್ಳೆಯ ಬೋಲ್ಟಿನ ತಲೆಗೆ ಒತ್ತಿ ತೆಗೆದರೆ ಆರು ಮೂಲೆ ಸ್ಪಷ್ಟವಾಗಿ ಮೂಡಿತು. ಒಣಗಲೆಂದು ಕಟ್ಟೆಯ ಮೇಲಿಟ್ಟರು. ಮೊದಲು ಅದು ನಾಲ್ಕು ಕಡೆ ಬಿರಿಯಿತು, ಆಮೇಲೆ ಕೋಳಿ ತಿಂದಿತು. ಗೋದಿ ಹಿಟ್ಟು ನಾದಿ ಒತ್ತಿದರು. ಅದು ಬಿರಿಯಲಿಲ್ಲ, ಆದರೆ ತೆಗೆದ ಮರುಗಳಿಗೆಯೇ ರಬ್ಬರಿನಂತೆ ಹಿಂದಕ್ಕೆ ಜಗ್ಗಿಕೊಂಡು, ಆರು ಮೂಲೆಯ ಗುಂಡಿ ಹೊಕ್ಕುಳಿನಂತೆ ಕಂಡಿತು.

ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತ ಕೂತಿದ್ದ ಕುಬೇರಪ್ಪನ ತಾಯಿ ಅನ್ನವ್ವ ಇದನ್ನೆಲ್ಲ ನೋಡುತ್ತಿದ್ದಳು. "ಹಿಟ್ಟ ಹಾಳ ಮಾಡಬ್ಯಾಡ್ರಲೇ. ಸಾಬೂನ ಇಲ್ಲೇನು ಮನ್ಯಾಗ?" ಎಂದಳು.

ಹೊಸ ಸಾಬೂನನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಒತ್ತಿದಾಗ ಅಚ್ಚು ಅಗದಿ ಚಂದ ಬಂತು. ಕುಬೇರಪ್ಪ ಅದನ್ನು ಬಾಳೆ ಎಲೆಯಲ್ಲಿ ಸುತ್ತಿ, ಕೂಸಿನಂತೆ ಎತ್ತಿಕೊಂಡು, ಬುಧವಾರ ಬೆಳಿಗ್ಗೆ ಕಲಘಟಗಿಗೆ ಹೋಗಿ ಹುಬ್ಬಳ್ಳಿಯ ಬಸ್ಸು ಹತ್ತಿದ.

ಬಸ್ಸಿನಲ್ಲಿ ಅವನ ಬಾಜೂಕ್ಕೆ ಕೂತಿದ್ದವನು ಮುದಕಪ್ಪ ಎಂಬ ಪೊಲೀಸ. ರಜೆ ಮುಗಿಸಿ ಡ್ಯೂಟಿಗೆ ಹೊರಟಿದ್ದ. ಕುಬೇರಪ್ಪ ಹತ್ತು ಮಾರಿಗೊಮ್ಮೆ ಎಲೆ ಬಿಚ್ಚಿ ನೋಡಿ, ಮತ್ತೆ ಮುಚ್ಚಿ, ಸುತ್ತ ಕಣ್ಣಾಡಿಸುವುದು ಅವನ ಕಣ್ಣಿಗೆ ಬಿತ್ತು.

"ಏನ್ರಿ ಅದು?"

"ಸಾಬೂನ್ರಿ."

"ನಡುವ ಯಾಕ ಗುಂಡಿ ಬಿದ್ದೈತಿ?"

"ಅಚ್ಚ ತಗೊಂಡೇನ್ರಿ."

ಅಚ್ಚು ಎಂಬ ಮಾತು ಕೇಳಿದ್ದೇ ಮುದಕಪ್ಪನ ಬೆನ್ನು ನೆಟ್ಟಗಾಯಿತು. ಕಳ್ಳರು ಸಾಬೂನಿನಲ್ಲಿ ಅಚ್ಚು ತೆಗೆದು ಖೊಟ್ಟಿ ಕೀಲಿ ಮಾಡಿಸುತ್ತಾರೆಂದು ಅವನಿಗೆ ತರಬೇತಿಯಲ್ಲಿ ಹೇಳಿದ್ದರು. ಇಷ್ಟು ವರ್ಷದ ನೌಕರಿಯಲ್ಲಿ ಅಂಥ ಸಾಬೂನನ್ನು ಕಣ್ಣಾರೆ ಕಂಡದ್ದು ಇದೇ ಮೊದಲು.

"ಯಾವ ತಿಜೋರಿದು?"

"ತಿಜೋರಿದಲ್ರಿ. ಶಾಫ್ಟಿಂದು."

"ಶಾಫ್ಟ್ ಅಂದ್ರ ಯಾರು? ಇಂಗ್ರೇಜಿಯವನ? ಎಲ್ಲಿರತಾನ?"

"ಜೀಪಿನ ಕೆಳಗ ಇರತೈತ್ರಿ ಅದು!"

ಇಡೀ ಬಸ್ಸು ಹಿಂದಕ್ಕೆ ತಿರುಗಿತು. "ಕಳ್ಳ ಹಿಂಗ ಬಿಳಿ ಧೋತರ ಉಟ್ಟಿರತಾನ?" ಎಂದಳು ಮುಂದಿನ ಸೀಟಿನ ಮುದುಕಿ. "ಅಂಥವ್ರ ಇರತಾರ ಬೇ" ಎಂದ ಕಂಡಕ್ಟರ. ಕುಬೇರಪ್ಪ ಜೀಪು, ಸದ್ದು, ಹದಿಮೂರು ನಂಬರು, ಕೋಳಿ ಎಲ್ಲವನ್ನೂ ವಿವರಿಸಿದ. ಕೋಳಿಯ ತನಕ ಬರುವಷ್ಟರಲ್ಲಿ ಜನಕ್ಕೆ ಅರ್ಧ ನಂಬಿಕೆ ಬಂದಿತ್ತು. ಮುದಕಪ್ಪನಿಗೆ ಬರಲಿಲ್ಲ.

"ನಡೀರಿ ಅಂಗಡಿಗೆ. ನಾನೂ ಬರತೇನಿ. ಅಲ್ಲಿ ಕೀಲಿ ಕೇಳತೀರೋ ಪಾನಾ ಕೇಳತೀರೋ ನೋಡೇಬಿಡತೇನಿ. ಸಾಬೂನ ನನ್ನ ಕಡೆ ಇರಲಿ. ಅದು ಪುರಾವೆ."

ಹುಬ್ಬಳ್ಳಿಯ ಹಳೇ ಕಬ್ಬಿಣದ ಓಣಿಯಲ್ಲಿ ಸಿರಾಜುದ್ದೀನನ ಅಂಗಡಿ. ನೆಲದಿಂದ ಮಾಡಿನವರೆಗೆ ಪಾನಾ, ಗೋಟಿ, ಸರಪಳಿ, ಬೇರಿಂಗು ತುಂಬಿ, ನಡುವೆ ಸಿರಾಜುದ್ದೀನ ಕೂರುವಷ್ಟೇ ಜಾಗ ಉಳಿದಿತ್ತು. ಪೊಲೀಸನೊಂದಿಗೆ ಬಂದ ಗಿರಾಕಿಯನ್ನು ಕಂಡು ಅವನು ಮೊದಲು ಎದ್ದು ನಿಂತ. ಸಾಬೂನನ್ನು ಕಂಡು ಮತ್ತೆ ಕೂತ.

"ಗಾಡಿ ಯಾವದ್ರಿ?"

"ಜೀಪು. ಮಿಲಿಟರಿದು."

"ಯಾರ ಮಿಲಿಟರಿ?"

ಕುಬೇರಪ್ಪ ಇದನ್ನು ಎಂದೂ ಯೋಚಿಸಿರಲಿಲ್ಲ. "ನಮ್ಮ ಕಡಿಯಿಂದನ ಇತ್ತಂತ ಕಾಣತೈತ್ರಿ" ಎಂದ.

"ಇಂಚಿಂದೋ, ಮಿಲಿಮೀಟರಿಂದೋ?"

"ಅದ ಗೊತ್ತಿದ್ರ ಸಾಬೂನ ಯಾಕ ಹೊತಗೊಂಡ ಬರತಿದ್ದೆ?"

ಕುಬೇರಪ್ಪ ಗೋಟಿಗಳ ರಾಶಿಯಿಂದ ಒಂದನ್ನು ಎತ್ತಿ ಅಚ್ಚಿಗೆ ಕೂರಿಸಲು ಹೋದ. ಸಿರಾಜುದ್ದೀನ ಬಿದ್ದು ಬಿದ್ದು ನಕ್ಕ. "ಅದೂ ತೂತು, ಇದೂ ತೂತು. ತೂತಿಗೆ ತೂತು ಕೂಡಿಸಿದ್ರ ಏನ ಬರತೈತ್ರಿ? ಮೊದಲ ಅಚ್ಚಿಗೆ ಕೂಡೂ ಬೋಲ್ಟ್ ನೋಡೂಣು. ಆಮೇಲೆ ಆ ಬೋಲ್ಟಿಗೆ ಕೂಡೂ ಗೋಟಿ."

ಅವನು ಡಬ್ಬಿಯಿಂದ ಹದಿಮೂರು ನಂಬರಿನ ಬೋಲ್ಟು ತೆಗೆದು ಸಾಬೂನಿನ ಗುಂಡಿಗೆ ಇಟ್ಟ. ಒಳಗೆ ಇಳಿಯಲಿಲ್ಲ, ಅಂಚಿನಲ್ಲೇ ನಿಂತಿತು. ಹನ್ನೆರಡರದು ಒಳಗೆ ಬಿದ್ದು ಕುಣಿಯಿತು. ಆಮೇಲೆ ಬೇರೆ ಡಬ್ಬಿಯಿಂದ ಇನ್ನೊಂದು ಬೋಲ್ಟು ತೆಗೆದು ಇಟ್ಟ. ಅದು ತೂಗುಮಂಚದಲ್ಲಿ ಗೌಡತಿ ಕೂತಂತೆ ಕೂತಿತು.

"ಅರ್ಧ ಇಂಚು. ನಿಮ್ಮ ಗಾಡಿ ಇಂಚಿಂದ್ರಿ. ಅರ್ಧ ಇಂಚು ಅಂದ್ರ ಹದಿಮೂರಕ್ಕ ಕೂದಲೆಳಿ ಕಮ್ಮಿ. ಅದಕ್ಕ ಹದಿಮೂರು ಹಾಕಿದ್ರ ಮೂಲಿ ತಿಂತೈತಿ."

ಕುಬೇರಪ್ಪನಿಗೆ ಎದೆಯ ಮೇಲಿನ ಚೀಲ ಇಳಿಸಿದಂತಾಯಿತು. ಆದರೆ ಸಿರಾಜುದ್ದೀನ ಎರಡು ಗೋಟಿ ತೆಗೆದು ಮುಂದಿಟ್ಟ. ಎರಡೂ ಅರ್ಧ ಇಂಚಿನವೇ.

"ಇದು ಆರು ಮೂಲಿದು. ಇದು ಹನ್ನೆರಡು ಮೂಲಿದು. ಯಾವದು?"

"ಹನ್ನೆರಡರದು" ಎಂದ ಮುದಕಪ್ಪ. ಅವನನ್ನು ಯಾರೂ ಕೇಳಿರಲಿಲ್ಲ. "ಹನ್ನೆರಡು ಆರಕ್ಕಿಂತ ಹೆಚ್ಚಲ್ಲೇನ್ರಿ? ಹೆಚ್ಚು ಮೂಲಿ, ಹೆಚ್ಚು ಹಿಡಿತ."

"ಹಂಗಲ್ರಿ ಹವಾಲ್ದಾರ ಸಾಹೇಬ್ರ. ಹನ್ನೆರಡು ಮೂಲಿದು ಹೆಂಗ ಇಟ್ರೂ ಕುಂದರತೈತಿ, ಖರೆ. ಆದ್ರ ಅದು ಬೋಲ್ಟಿನ ತುದಿಮೂಲಿ ಅಷ್ಟ ಹಿಡೀತೈತಿ. ಆರು ಮೂಲಿದು ಇಡೀ ಬಾಜೂನ ಅವಚಿ ಹಿಡೀತೈತಿ. ಮೂಲಿ ಸವದ ಹಳೇ ಬೋಲ್ಟಿಗೆ ಆರ ಬೇಕು."

"ಮತ್ತ ಹನ್ನೆರಡರದು ಯಾಕ ಮಾಡ್ಯಾರ?"

"ಹೊಸಾ ಬೋಲ್ಟಿಗೆ."

"ಹೊಸಾ ಬೋಲ್ಟ್ ಯಾರ ಬಿಚ್ಚತಾರ?"

ವಾದ ಕೇಳಿ ಆಚೆ ಅಂಗಡಿಯವರು ಬಂದು ಸೇರಿದರು. ಲಾರಿಯ ಕ್ಲೀನರೊಬ್ಬ ಆರರ ಪಕ್ಷ ವಹಿಸಿದ. ಚಹಾದವನು ಹನ್ನೆರಡರ ಪಕ್ಷ ಹಿಡಿದು, ಚಹಾ ಆರುವವರೆಗೆ ವಾದಿಸಿದ. ಮುದಕಪ್ಪ ಟೋಪಿ ತೆಗೆದು ಪಕ್ಕಕ್ಕಿಟ್ಟು, ಮೂಲೆ ಸವೆದ ಒಂದು ಹಳೇ ಬೋಲ್ಟನ್ನು ಇಕ್ಕಳದಲ್ಲಿ ಸಿಕ್ಕಿಸಿ, ಹನ್ನೆರಡು ಮೂಲೆಯ ಗೋಟಿ ಹಾಕಿ ತಾನೇ ಎಳೆದ. ಗೋಟಿ ಜಾರಿ, ಅವನ ಮೊಣಕೈ ಹಿಂದಿದ್ದ ಸರಪಳಿಗಳ ರಾಶಿಗೆ ಬಡಿದು, ಇಡೀ ರಾಶಿ ಗಲಗಲನೆ ಇಳಿದು ಅವನ ಕಾಲಬುಡದಲ್ಲಿ ಸುತ್ತಿಕೊಂಡಿತು. ಆರು ಮೂಲೆಯದನ್ನು ಹಾಕಿ ಎಳೆದಾಗ ಬೋಲ್ಟು ತಿರುಗಿತು.

"ಸರಕಾರದ ಪರವಾಗಿ ಆರನ್ನ ಒಪ್ಪೇನಿ" ಎಂದ ಮುದಕಪ್ಪ, ಸರಪಳಿಯಿಂದ ಕಾಲು ಬಿಡಿಸಿಕೊಳ್ಳುತ್ತ.

ಆರು ಮೂಲೆಯದರಲ್ಲೂ ಎರಡು ತರ ಇತ್ತು, ದಪ್ಪ ಗೋಡೆಯದು, ತೆಳು ಗೋಡೆಯದು. ಶಾಫ್ಟಿನ ಕೀಲಿನ ಪಕ್ಕ ಬೋಲ್ಟಿನ ಸುತ್ತ ಬೆರಳು ಹೋಗುವಷ್ಟೂ ಜಾಗ ಇಲ್ಲವೆಂದು ಕುಬೇರಪ್ಪ ಹೇಳಿದ್ದರಿಂದ, ತೆಳು ಗೋಡೆಯದೇ ಬೇಕಾಯಿತು. ಕೈ ಆಡಲೆಂದು ಗೋಟಿಗೂ ಹಿಡಿಗೂ ನಡುವೆ ಸಿಕ್ಕಿಸುವ ಒಂದು ಗೇಣುದ್ದದ ಸಲಾಕೆಯನ್ನೂ ಸಿರಾಜುದ್ದೀನ ಆರಿಸಿ ಕೊಟ್ಟ. ಹೀಗೆ ವ್ಯಾಪಾರ ಮುಗಿದು, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿರುವಾಗ, ಸಿರಾಜುದ್ದೀನ ನಲ್ಲಿಯ ಹತ್ತಿರ ಹೋಗಿ, ರೂಢಿಯಂತೆ ಕೈಯ ಗ್ರೀಸು ತೊಳೆದುಕೊಂಡ. ಚೆನ್ನಾಗಿ ಉಜ್ಜಿ ಉಜ್ಜಿ ತೊಳೆದುಕೊಂಡ.

"ಬರ್ರಿ, ಇನ್ನ ಆ ಸಾಬೂನ ಕೊಡ್ರಿ" ಎಂದ ಮುದಕಪ್ಪ. "ಠಾಣೆದಾಗ ತೋರಸ್ತೇನಿ."

ಸಿರಾಜುದ್ದೀನ ನೊರೆ ತುಂಬಿದ ಎರಡೂ ಕೈಯನ್ನು ಚಾಚಿದ. ನಡುವೆ ಸಾಬೂನಿತ್ತು. ಅದರ ಮೇಲೆ ಗುಂಡಿಯೂ ಇರಲಿಲ್ಲ, ಮೂಲೆಯೂ ಇರಲಿಲ್ಲ. ಕೆಂಪಗೆ, ನುಣ್ಣಗೆ, ಯಾರ ಮೇಲೂ ಯಾವ ಆಪಾದನೆಯೂ ಇಲ್ಲದ ಸಾಬೂನು.

ಮುದಕಪ್ಪ ತಾನೂ ಅದೇ ಸಾಬೂನಿನಿಂದ ಕೈ ತೊಳೆದುಕೊಂಡು, ಟೋಪಿ ಹಾಕಿಕೊಂಡು, "ಹುಷಾರಿಲೆ ಬಿಚ್ಚರಿ" ಎಂದು ಕುಬೇರಪ್ಪನಿಗೆ ಹೇಳಿ ಹೊರಟುಹೋದ.

ಗುರುವಾರ ಬೆಳಿಗ್ಗೆ ಊಟದ ಹೊತ್ತಿಗಿಂತ ಮುಂಚೆಯೇ ಕೆಲಸ ಶುರುವಾಯಿತು. ಬೋಲ್ಟುಗಳಿಗೆ ರಾತ್ರಿಯೇ ಚಿಮಣಿ ಎಣ್ಣೆ ಕುಡಿಸಿಟ್ಟಿದ್ದರು. ಬಿಸಿಲು ಜೋರಾಗಿದ್ದರಿಂದ ಅನ್ನವ್ವ ಕಟ್ಟೆ ಬಿಟ್ಟು ಜೀಪಿನ ನೆರಳಿಗೆ ಬಂದಳು. ನೆಲಕ್ಕಿಂತ ಸ್ಟೇರಿಂಗಿನ ಎದುರಿನ ಸೀಟೇ ಮೆತ್ತಗೆ ಕಂಡು, ಮೊರ ಹಿಡಿದು ಹತ್ತಿ ಕೂತು ಅಕ್ಕಿ ಹಸನು ಮಾಡತೊಡಗಿದಳು. ಜೀಪು ಬಂದು ಎರಡು ವರ್ಷವಾಗಿದ್ದರೂ ಆಕೆ ಅದರಲ್ಲಿ ಕೂತದ್ದು ಅದೇ ಮೊದಲು. ಮಿಲಿಟರಿ ಗಾಡಿ, ಯಾವಾಗ ಯುದ್ಧಕ್ಕೆ ಹೊರಡುತ್ತದೋ ಹೇಳಲಾಗದು ಎಂದು ಆಕೆಯ ಅಂಜಿಕೆ. ನಿಂತ ಗಾಡಿಗೆ ಆ ಅಂಜಿಕೆ ಇರಲಿಲ್ಲ.

ಕುಬೇರಪ್ಪ, ಮಶಾಕಸಾಬ ಇಬ್ಬರೂ ಜೀಪಿನ ಕೆಳಗೆ ಅಂಗಾತ ಮಲಗಿದರು. ಹೊಸ ಗೋಟಿ ಮೊದಲು ಮುಟ್ಟದೆ ಬಿಟ್ಟಿದ್ದ ಒಂದು ಬೋಲ್ಟಿನ ಮೇಲೆ ಕೂತಿತು. ಎಳೆದರು. 'ಕಟ್' ಎಂದಿತು. ಬೋಲ್ಟು ಸುಮ್ಮನೆ, ಕೇಳಿಕೊಂಡಂತೆ, ತಿರುಗಿ ಬಂತು.

"ಅಬ್ಬಾ!" ಎಂದ ಮಶಾಕಸಾಬ. "ಬೆಣ್ಣಿ ಬಂದಂಗ ಬಂತಲ್ಲೋ."

"ಆರು ಮೂಲಿ" ಎಂದ ಕುಬೇರಪ್ಪ ಗಂಭೀರವಾಗಿ.

ಎರಡನೆಯದೂ ಬಂತು. ತಲೆ ಗುಂಡಗಾಗಿದ್ದ ಎರಡಕ್ಕೆ ಗೋಟಿಯನ್ನು ಸುತ್ತಿಗೆಯಿಂದ ಬಡಿದು ಕೂರಿಸಬೇಕಾಯಿತು. ಮೂರನೆಯದು ಬಂದ ಮೇಲೆ ಮಶಾಕಸಾಬನಿಗೆ ಕುತ್ತಿಗೆ ನೋಯಿತು. ಕೈಗೆ ಸಿಕ್ಕ ಒಂದು ಕಲ್ಲನ್ನು ಎಳೆದುಕೊಂಡು ತಲೆದಿಂಬು ಮಾಡಿಕೊಂಡ. ಅದು ಮುಂದಿನ ಗಾಲಿಗೆ ಕೊಟ್ಟ ಕಲ್ಲು. ಜೀಪು ಅಲುಗಲಿಲ್ಲ, ಹ್ಯಾಂಡ್‌ಬ್ರೇಕ್ ಹಿಡಿದುಕೊಂಡಿತ್ತು.

ಆದರೆ ಆ ಜೀಪಿನ ಹ್ಯಾಂಡ್‌ಬ್ರೇಕ್ ಗಾಲಿಯಲ್ಲಿ ಇರಲಿಲ್ಲ. ಗೇರ್‌ಬಾಕ್ಸಿನ ಹಿಂಬದಿಯಲ್ಲಿ, ಇದೇ ಶಾಫ್ಟಿನ ಬುಡದಲ್ಲಿತ್ತು. ಅದು ಶಾಫ್ಟನ್ನು ಹಿಡಿಯುತ್ತಿತ್ತು, ಶಾಫ್ಟು ಗಾಲಿಯನ್ನು ಹಿಡಿಯುತ್ತಿತ್ತು. ಇದು ಇಬ್ಬರಿಗೂ ಗೊತ್ತಿರಲಿಲ್ಲ.

ನಾಲ್ಕನೇ ಬೋಲ್ಟು ಬಂತು. ಶಾಫ್ಟಿನ ಹಿಂತುದಿ ಕಳಚಿ ಕುಬೇರಪ್ಪನ ಎದೆಯ ಮೇಲೆ ಇಳಿಯಿತು. ಮಶಾಕಸಾಬ ಅದನ್ನು ತಬ್ಬಿ ಹಿಂದಕ್ಕೆ ಜಗ್ಗಿದ. ಮುಂದಿನ ತುದಿಯೂ ಜಾರಿ ಹೊರಬಂತು.

"ಆತು!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು.

ಆಗ ಅವರಿಗೆ ಆಕಾಶ ಕಂಡಿತು.

ಒಂದು ಗಳಿಗೆ ಇಬ್ಬರೂ ಹಾಗೇ ಅಂಗಾತ ಮಲಗಿ, ಶಾಫ್ಟನ್ನು ಎದೆಗವಚಿಕೊಂಡು, ಮೇಲೆ ಹಾರುತ್ತಿದ್ದ ಒಂದು ಹದ್ದನ್ನು ನೋಡಿದರು. ಜೀಪು ಎಲ್ಲಿ ಎಂಬ ಪ್ರಶ್ನೆ ಸ್ವಲ್ಪ ತಡವಾಗಿ ಹುಟ್ಟಿತು. ಗಾಲಿಗಳು ಅವರ ಎರಡೂ ಕಡೆಯಿಂದ ಸದ್ದಿಲ್ಲದೆ ಹಾದುಹೋಗಿದ್ದವು.

"ಯವ್ವಾ!" ಎಂದು ಚೀರುತ್ತ ಕುಬೇರಪ್ಪ ಎದ್ದ.

ಜೀಪು ಇಳಿಜಾರಿನಲ್ಲಿ, ಅವಸರವಿಲ್ಲದೆ, ಆದರೆ ನಿಲ್ಲುವ ಯೋಚನೆಯೂ ಇಲ್ಲದೆ ಹೋಗುತ್ತಿತ್ತು. ಅನ್ನವ್ವ ಮೊರ ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಮಗ ಹೇಳದೆ ಕೇಳದೆ ಗಾಡಿ ಬಿಟ್ಟಿದ್ದಾನೆ ಎಂದು ಆಕೆ ತಿಳಿದಳು. ಪಕ್ಕದಲ್ಲಿ ಮಗ ಕಾಣದಿದ್ದರೂ, ಮಿಲಿಟರಿ ಗಾಡಿ, ಕೆಳಗಿನಿಂದಲೇ ಹೊಡೆಯುತ್ತಿರಬಹುದು ಎಂದುಕೊಂಡಳು. ಹೇಗೂ ಇಬ್ಬರೂ ಬೆಳಗಿನಿಂದ ಕೆಳಗೇ ಇದ್ದರಲ್ಲ.

ಇಳಿಜಾರಿನ ಬದಿಯ ತನ್ನ ಮನೆ ಕಟ್ಟೆಯ ಮೇಲೆ ಕೂತಿದ್ದ ಗಂಗಪ್ಪ ಎದ್ದು ಕೈಮುಗಿದ. "ಎಲ್ಲಿಗೆ ಹೊಂಟ್ರಿ ಯವ್ವಾರ?"

"ನನಗೇನ ಗೊತ್ತೋ ಯಪ್ಪಾ. ಅವನ್ನ ಕೇಳ!" ಎಂದು ಅನ್ನವ್ವ ಹಿಂದಕ್ಕೆ ಕೈ ತೋರಿಸಿದಳು.

ಹಿಂದಿನಿಂದ ಕುಬೇರಪ್ಪ ಧೋತರ ಎತ್ತಿಕೊಂಡು ಓಡಿ ಬರುತ್ತಿದ್ದ. ಅವನ ಹಿಂದೆ ಮಶಾಕಸಾಬ, ಹೆಗಲ ಮೇಲೆ ಶಾಫ್ಟು ಹೊತ್ತು. ಅದನ್ನು ಕೆಳಗಿಡಬಹುದೆಂದು ಅವನಿಗೆ ಹೊಳೆದಿರಲಿಲ್ಲ. ಅವನ ಹಿಂದೆ ಶಾರದವ್ವ, ಕೈಯಲ್ಲಿ ಲಟ್ಟಣಿಗೆ.

"ಬ್ರೇಕ್ ತುಳೀ ಯವ್ವಾ! ಬ್ರೇಕ್!"

"ಏನ ತುಳೀಲಿ?"

"ಕಾಲಬುಡಕ ಐತಿ ನೋಡ!"

ಅನ್ನವ್ವ ಕಾಲಬುಡದಲ್ಲಿ ನೋಡಿದಳು. ಅಲ್ಲಿ ಮೂರು ಇದ್ದವು. ಮೂರರಲ್ಲಿ ಒಂದನ್ನು ತುಳಿದು ಉಳಿದವಕ್ಕೆ ಅಪಮಾನ ಮಾಡುವುದು ಬೇಡವೆಂದು ಕಾಲು ಮೇಲೆತ್ತಿ ಚಕ್ಕಳಮಕ್ಕಳ ಹಾಕಿ ಕೂತಳು. ಸ್ಟೇರಿಂಗನ್ನು ಮಾತ್ರ, ಜಾತ್ರೆಯಲ್ಲಿ ಮೊಮ್ಮಗನ ಕೈ ಹಿಡಿದಂತೆ ಹಿಡಿದುಕೊಂಡಳು. ಜೀಪು ಓಣಿಯ ತಿರುವಿನಲ್ಲಿ ತಾನಾಗಿ ವಾಲಿ, ಗಂಗಪ್ಪನ ಭತ್ತದ ಹುಲ್ಲಿನ ಬಣವೆಯೊಳಗೆ ಸ್ಟೇರಿಂಗಿನವರೆಗೆ ನುಗ್ಗಿ ನಿಂತಿತು. ಬಣವೆ ಒಮ್ಮೆ ನಡುಗಿ, ಅರ್ಧ ಹುಲ್ಲು ಮೇಲಿನಿಂದ ಸುರಿಯಿತು.

ಹುಲ್ಲು ಸರಿಸಿದರೆ ಅನ್ನವ್ವ ಹಾಗೆಯೇ ಕೂತಿದ್ದಳು. ಮೊರದಲ್ಲಿನ ಅಕ್ಕಿಯಲ್ಲಿ ಹುಲ್ಲು ಬಿದ್ದಿತ್ತು.

"ಯವ್ವಾ, ಪೆಟ್ಟ ಹತ್ತೇತೇನು?"

"ಪೆಟ್ಟ ಯಾಕ? ಇಷ್ಟ ನುಣ್ಣಗ ಹೋಗತೈತಿ ಅಂತ ಮೊದಲ ಯಾಕ ಹೇಳಲಿಲ್ಲ? ಟಕ್ ಟಕ್ ಅಂತೈತಿ ಅಂತಿದ್ರಿ. ಒಂದೀಟೂ ಸಪ್ಪಳ ಇಲ್ಲ." ಆಕೆ ಸುತ್ತ ನೋಡಿದಳು. "ಇಷ್ಟರಾಗ ನಿಂತಿತಲ್ಲ. ಇನ್ನೊಂದೀಟ ಬಿಡ."

ಕುಬೇರಪ್ಪ ನೆಲದ ಮೇಲೆ ಕೂತುಬಿಟ್ಟ. ಶಾರದವ್ವ ಲಟ್ಟಣಿಗೆ ಹಿಡಿದು ಅವನ ಮುಂದೆ ನಿಂತಳು. "ನಾಳೆ ಹೆಸರಿಡೂದೈತಿ. ತೊಟ್ಟಲಾ ಮನ್ಯಾಗೈತಿ, ಜೀಪ ಬಣವ್ಯಾಗೈತಿ, ಅದರ ಕರುಳು ಮಶಾಕಣ್ಣನ ಹೆಗಲ ಮ್ಯಾಲೈತಿ. ಈಗ ಹೆಂಗ ಹೋಗೂಣು?"

ಎತ್ತು ಕಟ್ಟಿ ಎಳೆಯುವುದೆಂದು ಎಲ್ಲರೂ ಅಂದರು. ಎತ್ತು ಬರುವಷ್ಟರಲ್ಲಿ ಕುಬೇರಪ್ಪ ಸುಮ್ಮನೆ ಜೀಪು ಹತ್ತಿ ಕೂತು, ಹ್ಯಾಂಡ್‌ಬ್ರೇಕ್ ಬಿಟ್ಟು, ಚಾಲೂ ಮಾಡಿ ನೋಡಿದ. ಆ ದಿನ ಬ್ಯಾಟರಿಗೆ ಮನಸ್ಸು ಬಂತು. ಇಂಜಿನ್ನೇನೋ ಗರ್ಜಿಸಿತು, ಆದರೆ ಹಿಂದಿನ ಗೇರು ಹಾಕಿದರೆ ಗಾಲಿ ಅಲುಗಲಿಲ್ಲ. ಶಾಫ್ಟೇ ಇಲ್ಲದ ಮೇಲೆ ಹೇಗೆ ಅಲುಗೀತು? ಇಳಿಯಲೆಂದು ಗೇರಿನ ಬದಿಯ ಸಣ್ಣ ಕೋಲೊಂದಕ್ಕೆ ತೂಗುಹಾಕಿದ್ದ ತನ್ನ ಕೈಚೀಲವನ್ನು ಕುಬೇರಪ್ಪ ಸಿಟ್ಟಿನಿಂದ ಎಳೆದ. ಎರಡು ವರ್ಷದಿಂದ ಆ ಕೋಲು ಚೀಲ ಹಾಕಲೆಂದೇ ಇದೆ ಎಂದು ಅವನು ತಿಳಿದಿದ್ದ. ಚೀಲದ ಜೊತೆ ಕೋಲೂ ಬಂತು, 'ಖಟಕ್' ಎಂದು ಒಳಗೆ ಏನೋ ಕೂಡಿತು. ಜೀಪಿನ ಮುಂದಿನ ಗಾಲಿಗಳು ಗರಗರ ತಿರುಗಿ, ಜೀಪು ಹುಲ್ಲು ಹೊದ್ದುಕೊಂಡೇ ಹಿಮ್ಮುಖವಾಗಿ ಬಣವೆಯಿಂದ ಹೊರಬಂತು.

ಜನ ಹಾರಿ ದೂರ ನಿಂತರು. ಮಶಾಕಸಾಬ ಹೆಗಲ ಮೇಲಿನ ಶಾಫ್ಟನ್ನು ನೋಡಿದ, ಓಡುತ್ತಿರುವ ಜೀಪನ್ನು ನೋಡಿದ.

"ಕುಬೇರಪ್ಪಣ್ಣ, ಇದಕ್ಕ ಮುಂದನೂ ಒಂದು ಶಾಫ್ಟ್ ಐತೇನೋ!"

ಇತ್ತು. ಮಿಲಿಟರಿಯವರು ಕೆಸರಿಗೆಂದು ನಾಲ್ಕೂ ಗಾಲಿಗೆ ಶಕ್ತಿ ಹೋಗುವಂತೆ ಮಾಡಿಟ್ಟಿದ್ದರು. ಚೀಲದ ಕೋಲನ್ನು ಎಳೆದರೆ ಮುಂದಿನ ಗಾಲಿಗಳೂ ಎಳೆಯುತ್ತಿದ್ದವು. ಹಿಂದಿನ ಶಾಫ್ಟು ಹೋದರೆ ಮುಂದಿನದೊಂದರಲ್ಲೇ ಜೀಪು ನಡೆಯುತ್ತಿತ್ತು. ಟಕ್ ಟಕ್ ಇಲ್ಲದೆ ನಡೆಯುತ್ತಿತ್ತು.

ಶುಕ್ರವಾರ ನಸುಕಿನಲ್ಲಿ ತೊಟ್ಟಿಲು, ಶಾರದವ್ವ, ಅನ್ನವ್ವ, ಮಶಾಕಸಾಬ, ಕಾಲಬುಡದಲ್ಲಿ ಶಾಫ್ಟು, ಇಷ್ಟನ್ನೂ ಹೇರಿಕೊಂಡು ಕುಬೇರಪ್ಪ ಹೊರಟ. ಅನ್ನವ್ವ ಮುಂದಿನ ಸೀಟು ಬಿಟ್ಟುಕೊಡಲಿಲ್ಲ, ಶಾರದವ್ವ ತೊಟ್ಟಿಲ ಪಕ್ಕ ಕೂರಬೇಕಾಯಿತು. ಹುಬ್ಬಳ್ಳಿಯಲ್ಲಿ ಹೊಸ ಕೀಲು ಹಾಕಿಸೋಣವೆಂದರೆ ಅಂಗಡಿಗಳು ಇನ್ನೂ ಬಾಗಿಲು ತೆಗೆದಿರಲಿಲ್ಲ. ಕಾಯುವ ತಾಳ್ಮೆ ಯಾರಿಗೂ ಇರಲಿಲ್ಲ. ಯಮನೂರು ದಾಟಿದ ಕೂಡಲೇ ಹಾರನ್ ಹೊಡೆಯುವ ಕೆಲಸ ಅನ್ನವ್ವ ವಹಿಸಿಕೊಂಡು, ನವಲಗುಂದದ ಮನೆ ಬಾಗಿಲವರೆಗೆ ಕೈ ತೆಗೆಯಲಿಲ್ಲ.

ಶಂಭುಲಿಂಗಪ್ಪ ಓಡಿ ಬಂದ. ಅಕ್ಕನ ಕಾಲಿಗೆ ಬಿದ್ದ, ತೊಟ್ಟಿಲನ್ನು ಇಳಿಸಿದ, ಆಮೇಲೆ ಕೆಳಗಿದ್ದ ಶಾಫ್ಟನ್ನು ಕಂಡ.

"ಇದೇನ್ರಿ ಮಾಮಾ?"

"ಶಾಫ್ಟು."

"ಮತ್ತ ಗಾಡಿ ಹೆಂಗ ಬಂತು?"

ಕುಬೇರಪ್ಪ ಕಥೆ ಹೇಳತೊಡಗಿದ. ಆರು ಮೂಲೆಯ ಗೋಟಿಯ ಹತ್ತಿರ ಬಂದಾಗ ಶಂಭುಲಿಂಗಪ್ಪ ಅವನ ರಟ್ಟೆ ಹಿಡಿದ. ಅವನ ಹೊಸ ಟ್ರ್ಯಾಕ್ಟರಿನ ಕೆಳಗೆ ಒಂದಿಷ್ಟು ಬೋಲ್ಟುಗಳು ಹಟ ಹಿಡಿದು ಕೂತಿದ್ದವಂತೆ. ಹದಿಮೂರು ನಂಬರು ಹಾಕಿ ನೋಡಿದ್ದಾನಂತೆ, ಜಾರುತ್ತದಂತೆ.

"ಎಲ್ಲೈತಿ ಟ್ರ್ಯಾಕ್ಟರ್?" ಎಂದ ಮಶಾಕಸಾಬ.

ಒಳಗೆ ಹೆಂಗಸರು ತೊಟ್ಟಿಲಿಗೆ ಹೂ ಕಟ್ಟಿದರು, ಗುಗ್ಗರಿ ಹಂಚಲು ಸಿದ್ಧ ಮಾಡಿದರು, ಕೂಸಿಗೆ ಕುಲಾಯಿ ಹಾಕಿ ಕಣ್ಣಿಗೆ ಕಾಡಿಗೆ ಹಚ್ಚಿದರು. ಎಲ್ಲ ಆಯಿತು. ಆದರೆ ಮನೆಯಲ್ಲಿ ಒಬ್ಬ ಗಂಡಸೂ ಇರಲಿಲ್ಲ. ಮಂತ್ರ ಹೇಳಬೇಕಾದ ಅಯ್ಯನವರು ಸಹ, ಈಗ ಇಲ್ಲೇ ಇದ್ದರು, ಕಾಣಿಸುತ್ತಿಲ್ಲ.

ಶಾರದವ್ವ ಹಿತ್ತಲಿಗೆ ಬಂದಳು. ಟ್ರ್ಯಾಕ್ಟರಿನ ಕೆಳಗಿನಿಂದ ನಾಲ್ಕು ಜೊತೆ ಕಾಲುಗಳು ಹೊರಗೆ ಚಾಚಿದ್ದವು. ಒಳಗಿನಿಂದ "ಬಡೀ, ಬಡೀ", "ತೆಳು ಗ್ವಾಡಿದ ಹಾಕಲೇ", "ಬಾಜೂನ ಹಿಡೀಬೇಕ್ರಿ ಅದು, ಮೂಲಿನಲ್ಲ" ಎಂಬ ಮಾತುಗಳು ಕೇಳುತ್ತಿದ್ದವು. ಕಾಲುಗಳೆಲ್ಲ ಮಣ್ಣು ಮೆತ್ತಿ ಒಂದೇ ತರ ಕಂಡವು. ಶಾರದವ್ವ ತನ್ನ ಗಂಡನದೆಂದು ತೋರಿದ ಒಂದು ಕಾಲನ್ನು ಎರಡೂ ಕೈಯಲ್ಲಿ ಹಿಡಿದು, "ಬರ್ರಿ ಹೊರಗ!" ಎಂದು ಬಲವಾಗಿ ಎಳೆದಳು.

ಅಯ್ಯನವರು ಹೊರಗೆ ಬಂದರು. ಹಣೆಯ ವಿಭೂತಿಯ ಮೇಲೆ ಗ್ರೀಸಿನ ಪಟ್ಟೆ ಎಳೆದಿತ್ತು. ಕೈಯಲ್ಲಿ ಗೋಟಿ ಇತ್ತು.

ಶಾರದವ್ವ ಕಾಲು ಬಿಟ್ಟು, ಸೆರಗು ಹೊದ್ದುಕೊಂಡು, ನಾಚಿ ನಿಂತಳು.

"ಒಂದ ಬೋಲ್ಟ್ ಉಳದೈತಿ ತಂಗಿ" ಎಂದರು ಅಯ್ಯನವರು ಮಲಗಿದಲ್ಲಿಂದಲೇ. "ಕೂಸಿಗೆ ಇನ್ನೊಂದೀಟ ಹಾಲ ಕುಡಸ್ರಿ. ಮುಹೂರ್ತ ನನ್ನ ಕೈಯಾಗ ಐತಿ." ಮತ್ತೆ ಒಳಗೆ ಜಾರಿದರು.

ಆ ಬೋಲ್ಟು ಬಂದ ಮೇಲೆಯೇ ಹೆಸರಿಟ್ಟರು. ಶಾರದವ್ವ ಕೂಸಿನ ಕಿವಿಯಲ್ಲಿ "ಈರಬಸಪ್ಪ" ಎಂದು ಕೂಗಿದಾಗ ಎಲ್ಲರೂ ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿ ನಕ್ಕರು. ಕೈ ತೊಳೆಯದೆ ಬಂದ ಅಯ್ಯನವರು ಹರಸಲೆಂದು ಕೂಸಿನ ಗಲ್ಲ ಮುಟ್ಟಿದ್ದರಿಂದ ಅಲ್ಲಿ ಹೆಬ್ಬೆರಳಿನಗಲ ಕಪ್ಪು ಉಳಿಯಿತು. ನೋಡಿದವರೆಲ್ಲ, ದೃಷ್ಟಿಬೊಟ್ಟು ಎಷ್ಟು ಚಂದ ಇಟ್ಟಿದ್ದಾರೆ, ಎಷ್ಟು ಒರೆಸಿದರೂ ಹೋಗುವುದಿಲ್ಲ ಎಂದು ಹೊಗಳಿದರು.